ಆರೊ ಪಟ್ಟಣದಲ್ಲಿ ರಿಯೋಹಾ ವೈನು ಮತ್ತು ಬಳ್ಳಿಯ ಕೆಂಡದ ಕುರಿಮಾಂಸ

ಸ್ಪೇನ್ ದೇಶದ ಉತ್ತರಕ್ಕೆ, ರಿಯೋಹಾ ಸೀಮೆಯ ಆರೊ ಎಂಬ ಸಣ್ಣ ಪಟ್ಟಣದಲ್ಲಿ ಹಳೆಯ ವೈನ್ ಮನೆಗಳು ರೈಲು ನಿಲ್ದಾಣದ ಸುತ್ತಲೇ ಒತ್ತೊತ್ತಾಗಿ ನಿಂತಿವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಕೀಟವು ಬೇರು ಹೀರಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಮಾಡಿದಾಗ ಬೋರ್ಡೋದ ವ್ಯಾಪಾರಿಗಳು ವೈನಿಗಾಗಿ ಇತ್ತ ಬಂದರು. ಪೀಪಾಯಿಗಳನ್ನು ಬಿಲ್ಬಾವೊ ಬಂದರಿಗೆ ಸಾಗಿಸಲು ರೈಲು ಒದಗಿತು. ಲೋಪೆಸ್ ದೆ ಎರೆದಿಯಾ ಎಂಬ ವೈನ್ ಮನೆ 1877ರಲ್ಲಿ, ಲಾ ರಿಯೋಹಾ ಆಲ್ತಾ ಎಂಬುದು 1890ರಲ್ಲಿ ಹುಟ್ಟಿದ್ದು ಹೀಗೆ ಬೆಳೆದ ಈ ಊರಿನಲ್ಲೇ.

ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಅಲ್ಲಿಗೆ ಹೋಗಿದ್ದ ನಾವು ಬೆಳಿಗ್ಗೆ ಒಂದು ನೆಲಮಾಳಿಗೆಯಲ್ಲಿ, ಊಟದ ಹಂಗಿಲ್ಲದೆ, ಬರಿಯ ವೈನನ್ನೇ ಸವಿದೆವು. ಮೊದಲು ಕೊಟ್ಟದ್ದು ಕ್ರಿಯಾನ್ಸಾ: ಮುಖ್ಯವಾಗಿ ಟೆಂಪ್ರಾನಿಯೊ ದ್ರಾಕ್ಷಿಯಿಂದ ಮಾಡಿ, ಕನಿಷ್ಠ ಒಂದು ವರ್ಷ 225 ಲೀಟರಿನ ಓಕ್ ಪೀಪಾಯಿಯಲ್ಲಿಟ್ಟು ಮಾಗಿಸಿದ ವೈನು. ಚೆರ್ರಿ ಹಣ್ಣಿನ ವಾಸನೆಯ ಜೊತೆಗೆ ಅಮೆರಿಕದ ಓಕ್ ಮರ ಕೊಡುವ ವೆನಿಲಾ ಮತ್ತು ಕೊಬ್ಬರಿಯ ಪರಿಮಳವಿತ್ತು. ನಾಲಗೆಯ ಮೇಲೆ ಮೊದಲು ಹುಳಿ, ಆಮೇಲೆ ವಸಡಿಗೆ ಹಿಡಿದು ಕೂರುವ ಒಗರು. ಅನಂತರ ಬಂದ ಗ್ರಾನ್ ರೆಸೆರ್ವಾ ಕನಿಷ್ಠ ಐದು ವರ್ಷ ಮಾಗಿದ್ದು. ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ ಅದರಲ್ಲಿ ಒಣ ಎಲೆ, ತೊಗಲು, ಹೊಗೆಸೊಪ್ಪಿನ ನವಿರಾದ ವಾಸನೆಯಿತ್ತು. ಆ ಹೊತ್ತಿಗೆ ಅದಕ್ಕೆ ಸಮನಾದದ್ದಿಲ್ಲ ಎಂದೇ ನನಗೆ ತೋರಿತು.

ಮಧ್ಯಾಹ್ನದ ಊಟವು ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಚಳಿಗಾಲದಲ್ಲಿ ಸವರಿದ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಕಂತೆ ಕಟ್ಟಿ ಒಣಗಿಸಿಟ್ಟಿರುತ್ತಾರೆ. ಅವು ಭಗ್ಗನೆ ಉರಿದು ಬೇಗನೆ ಕೆಂಡವಾಗುತ್ತವೆ. ಆ ಕೆಂಡದ ಮೇಲೆ ಎಳೆಯ ಕುರಿಮರಿಯ ಪಕ್ಕೆಲುಬಿನ ತುಂಡುಗಳನ್ನು ಉಪ್ಪನ್ನಷ್ಟೇ ಹಾಕಿ ಸುಡುತ್ತಾರೆ. ಅಂಚಿನ ಕೊಬ್ಬು ಗರಿಗರಿಯಾಗಿದ್ದ ಒಂದು ತುಂಡನ್ನು ತಿಂದು ಕ್ರಿಯಾನ್ಸಾ ಕುಡಿದಾಗ ಬೆಳಗಿನ ಒಗರು ಬಹುಮಟ್ಟಿಗೆ ಇಳಿದುಹೋಗಿತ್ತು. ಒಗರನ್ನು ಕೊಡುವ ಟ್ಯಾನಿನ್ ಬರಿಬಾಯಿಯಲ್ಲಿ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ನಾಲಗೆಯನ್ನು ಒಣಗಿಸುತ್ತದೆ; ಮಾಂಸದ ಪ್ರೋಟೀನು, ಕೊಬ್ಬು ಮತ್ತು ಉಪ್ಪು ಜೊತೆಗಿದ್ದರೆ ಆ ಬಿಗಿ ಸಡಿಲವಾಗುತ್ತದೆ. ವೈನಿನ ಹುಳಿಯಾದರೋ ಕೊಬ್ಬಿನ ಜಿಡ್ಡನ್ನು ತೊಳೆದು, ಮುಂದಿನ ತುಂಡಿಗೆ ಬಾಯನ್ನು ಅಣಿಮಾಡುತ್ತದೆ. ಅದೇ ಮಾಂಸದ ಜೊತೆ ಗ್ರಾನ್ ರೆಸೆರ್ವಾದ ನವಿರು ವಾಸನೆಗಳು ಹೊಗೆಯಲ್ಲಿ ಮುಚ್ಚಿಹೋದವು. ಅಂಥ ವೈನಿಗೆ ಒಲೆಯಲ್ಲಿ ನಿಧಾನವಾಗಿ ಬೆಂದ ಮಾಂಸವೋ ಹಳೆಯ ಕುರಿಹಾಲಿನ ಚೀಸೋ ತಕ್ಕದ್ದೆಂಬುದು ನನ್ನ ಅಭಿಪ್ರಾಯ. ಬೆಲೆ ಹೆಚ್ಚೆಂಬ ಕಾರಣಕ್ಕೆ ಅದನ್ನು ಎಲ್ಲದರ ಜೊತೆಗೂ ಇಡುವುದು ಆ ವೈನಿಗೇ ಅನ್ಯಾಯ.

ಚೊರಿಸೊ ಎಂಬ ಹಂದಿಮಾಂಸದ ಸಾಸೇಜು ಹಾಕಿ ಬೇಯಿಸಿದ ಆಲೂಗಡ್ಡೆಯೂ ಬಂತು. ಅದರ ಕೆಂಪಿಗೆ ಕಾರಣವಾದ ಒಣಮೆಣಸಿನಲ್ಲಿ ಬಣ್ಣವೂ ಸಿಹಿಯೂ ಇವೆ, ಖಾರ ಇಲ್ಲವೆನ್ನುವಷ್ಟು ಕಡಿಮೆ. ಕ್ರಿಯಾನ್ಸಾ ಅದಕ್ಕೂ ಚೆನ್ನಾಗಿ ಹೊಂದಿತು. ನೆರೆಯ ನವಾರಾ ಸೀಮೆಯ ಬಿಳಿ ಆಸ್ಪರಾಗಸ್ ಎಂಬ ತರಕಾರಿ ಮಾತ್ರ ಕೆಂಪು ವೈನಿಗೆ ಲೋಹದ ರುಚಿ ತಂದಿತು. ನಮ್ಮ ಜೊತೆಗಿದ್ದವರೊಬ್ಬರು ಊರಿನಿಂದ ತಂದಿದ್ದ ಚಟ್ನಿಪುಡಿಯನ್ನು ಮಾಂಸಕ್ಕೆ ಉದುರಿಸಿಕೊಂಡರು. ನಾನೂ ಹಾಗೆ ತಿಂದು ನೋಡಿದೆ: ಆಲ್ಕೋಹಾಲು ಖಾರದ ಉರಿಯನ್ನು ಹೆಚ್ಚಿಸಿತು, ಹಣ್ಣಿನ ರುಚಿ ಪೂರ್ತಿ ಅಡಗಿತು.

ಬೆಂಗಳೂರಿಗೆ ಮರಳಿದ ಮೇಲೆ ರಿಯೋಹಾ ವೈನು ಸಿಕ್ಕಾಗಲೆಲ್ಲ ಈ ಅನುಭವದ ಆಧಾರದಲ್ಲೇ ಅಡುಗೆ ಮಾಡುತ್ತೇನೆ. ಮಟನ್ನಿಗೆ ಗುಂಟೂರು ಮೆಣಸಿನಕಾಯಿಯ ಬದಲು ಬ್ಯಾಡಗಿಯನ್ನು, ಅದರ ಬೀಜ ತೆಗೆದು ಹಾಕಿದರೆ ಬಣ್ಣ ಬರುತ್ತದೆ, ಉರಿ ಬರುವುದಿಲ್ಲ; ಹುಣಸೆಹಣ್ಣನ್ನು ಹಾಕುವುದಿಲ್ಲ, ಹುಳಿಯ ಕೆಲಸವನ್ನು ವೈನೇ ಮಾಡುತ್ತದೆ. ಬೇಸಿಗೆಯಲ್ಲಿ ನಮ್ಮ ಕೋಣೆಯ ಶಾಖ ಇಂಥ ವೈನಿಗೆ ಅತಿಯಾದದ್ದರಿಂದ, ಅದು 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಂತೆ ಬಾಟಲಿಯನ್ನು ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡುತ್ತೇನೆ.