ಎರಡು ಡಾಲರ್ ನಡುವೆ ಸಿಕ್ಕಿಬಿದ್ದ ಮೈಗ್ರೇಶನ್

ರಿಲೀಸ್ ರಾತ್ರಿ ಮೈಗ್ರೇಶನ್ (ಡೇಟಾಬೇಸ್ ಬದಲಿಸುವ ಸ್ಕ್ರಿಪ್ಟ್) ನಿಂತಿದ್ದು ಒಂದು ಫಂಕ್ಷನ್ನಿನ ಮೊದಲ ಸಾಲಿನಲ್ಲಿ. ಸಿಂಟ್ಯಾಕ್ಸ್ ಎರರ್, ‘ಬಿಗಿನ್’ ಹತ್ತಿರ. ಬ್ರಿಜ್ ಕಾಲ್‌ನಲ್ಲಿದ್ದವರೆಲ್ಲ ಆ ಫಂಕ್ಷನ್ನನ್ನೇ ನೋಡುತ್ತಾ ಕೂತರು. ಅದೊಂದನ್ನೇ ಎತ್ತಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಮಾಂಡ್-ಲೈನ್ ಪ್ರೋಗ್ರಾಂ ಪಿಎಸ್‌ಕ್ಯೂಎಲ್‌ನಲ್ಲಿ ಓಡಿಸಿದರೆ ಸಲೀಸಾಗಿ ಓಡುತ್ತೆ, ಡಿಪ್ಲಾಯ್ ಟೂಲ್ ಮೂಲಕ ಹೋದರೆ ಬೀಳುತ್ತೆ. ಡಿಬಿಎಗೆ (ಡೇಟಾಬೇಸ್ ನೋಡಿಕೊಳ್ಳುವವರಿಗೆ) ಪೋಸ್ಟ್‌ಗ್ರೆಸ್ ವರ್ಶನ್ ಮೇಲೆ ಅನುಮಾನ. ಮ್ಯಾನೇಜರ್‌ದು ಒಂದೇ ಜಪ: ‘ರೋಲ್‌ಬ್ಯಾಕ್ ಮಾಡೋಣ್ವಾ?’ ಟೂಲ್ ಹುಟ್ಟಿಸಿದ ಕೊನೆಯ ಫೈಲನ್ನು ಮಾತ್ರ ಯಾರೂ ತೆರೆದು ನೋಡಲಿಲ್ಲ.

ಆ ಟೂಲ್ ಪ್ರತಿ ಮೈಗ್ರೇಶನ್ನನ್ನೂ ಒಂದು ‘ಡೂ’ ಬ್ಲಾಕಿನೊಳಗೆ, $$ ಮತ್ತು $$ ನಡುವೆ ಇಟ್ಟು ಕಳಿಸುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ $$ ಅಂದರೆ ಕೋಟ್ ಗುರುತು: ಒಂದು ತೆರೆಯುತ್ತೆ, ಮುಂದಿನದು ಮುಚ್ಚುತ್ತೆ. ಫಂಕ್ಷನ್ ಬರೆದವರೂ ಎಲ್ಲರ ಹಾಗೆ $$ ಬಳಸಿದ್ದರು. ಒಳಗಿನ ಮೊದಲ $$ ಸಿಕ್ಕ ಕೂಡಲೇ ಹೊರಗಿನದು ಮುಚ್ಚಿಕೊಂಡಿತು. ಅಲ್ಲಿಂದ ಮುಂದಿನದೆಲ್ಲ ಪಾರ್ಸರ್‌ಗೆ (ಕೋಡ್ ಓದಿ ಬಿಡಿಸುವ ಭಾಗಕ್ಕೆ) ಕಸ, ಅದಕ್ಕೇ ದೂರು ನಿರಪರಾಧಿ ಫಂಕ್ಷನ್ ಮೇಲೆ ಬಂತು.

ಇಂಟರ್‌ವ್ಯೂಗಳಲ್ಲಿ ಕೇಳುವ ಹಳೇ ಪಜಲ್‌ನ ದಾಯಾದಿ ಇದು. ಕೊಟ್ಟ ಸ್ಟ್ರಿಂಗ್‌ಗಳಲ್ಲಿ (ಅಕ್ಷರಗಳ ಸಾಲುಗಳಲ್ಲಿ) ಯಾವುದಕ್ಕೂ ಸಮ ಅಲ್ಲದ ಹೊಸದೊಂದನ್ನು ಹುಟ್ಟಿಸಿ ಅನ್ನೋದು ಆ ಪಜಲ್. ಮೂರು ಬಿಟ್‌ನ 010, 111, 001 ಕೊಟ್ಟರೆ ಮೊದಲನೆಯದರ ಮೊದಲ ಬಿಟ್, ಎರಡನೆಯದರ ಎರಡನೇ ಬಿಟ್, ಮೂರನೆಯದರ ಮೂರನೇ ಬಿಟ್ ತಗೊಂಡು ತಿರುಗಿಸಿ (0 ಇದ್ದರೆ 1, 1 ಇದ್ದರೆ 0): 011 ಹೋಗಿ 100 ಆಯಿತು. ಪ್ರತಿಯೊಂದರ ಜೊತೆಗೂ ಕನಿಷ್ಠ ಒಂದು ಜಾಗದಲ್ಲಿ ಬೇರೆ. ಗಣಿತಜ್ಞ ಕ್ಯಾಂಟರ್ 1891ರಲ್ಲಿ ತೋರಿಸಿದ ಕರ್ಣದ ವಾದವೇ ಇದು. ಉದ್ದದ ಮಿತಿ ಇಲ್ಲದಿದ್ದರೆ ಇಷ್ಟೂ ಬೇಡ, ಎಲ್ಲವನ್ನೂ ಸೇರಿಸಿ ಕೊನೆಗೆ ಒಂದಕ್ಷರ ಅಂಟಿಸಿದರೆ ಸಾಕು. ಎಲ್ಲಕ್ಕಿಂತ ಉದ್ದ, ಹಾಗಾಗಿ ಯಾವುದಕ್ಕೂ ಸಮ ಅಲ್ಲ. ಖಾಲಿ ಪಟ್ಟಿಗೂ ನಡೆಯುತ್ತೆ. ಇಂಟರ್‌ವ್ಯೂನಲ್ಲಿ ಈ ಉತ್ತರಕ್ಕೆ ಕಡಿಮೆ ಮಾರ್ಕ್ಸ್ ಕೊಡುವವರನ್ನು ಕಂಡರೆ ನನಗೆ ಸಿಟ್ಟು.

ಡಿಲಿಮಿಟರ್ (ಪಠ್ಯದ ಎರಡೂ ತುದಿಗೆ ಹಾಕುವ ಗುರುತು, ಇಲ್ಲಿ $$) ಆರಿಸುವಾಗ ಇಷ್ಟು ಸಾಲದು. ಅದು ಪಠ್ಯಕ್ಕೆ ಸಮ ಆಗಬಾರದು ಅಷ್ಟೇ ಅಲ್ಲ, ಪಠ್ಯದೊಳಗೆ ಎಲ್ಲೂ ಇರಬಾರದು.

ಆ ರಾತ್ರಿಯ ಮೊದಲ ಫಿಕ್ಸ್ ‘ಯುಯುಐಡಿ ಹಾಕಿ, ಮುಗೀತು’: ಅಂದರೆ ಎರಡು ಡಾಲರ್ ನಡುವೆ ಟ್ಯಾಗ್ ಆಗಿ, ಮತ್ತೆಲ್ಲೂ ಸಿಗದಂಥ ಒಂದು ಉದ್ದನೆಯ ಐಡಿ. ಮುಗಿಯಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಡಾಲರ್ ನಡುವಿನ ಟ್ಯಾಗ್ ಐಡೆಂಟಿಫೈಯರ್ (ಟೇಬಲ್, ಕಾಲಂಗಳಿಗೆ ಇಡುವ ಹೆಸರು) ನಿಯಮ ಪಾಲಿಸಬೇಕು, ಹೈಫನ್ ಇರುವಂತಿಲ್ಲ. ಹೈಫನ್ ಕಿತ್ತ ಮೇಲೆ ಇನ್ನೂ ಕೆಟ್ಟದ್ದು ಶುರುವಾಯಿತು: ಸ್ಟೇಜಿಂಗ್‌ನಲ್ಲಿ (ಪರೀಕ್ಷೆಯ ಸರ್ವರ್) ಪಾಸ್, ಪ್ರಾಡ್‌ನಲ್ಲಿ (ಅಸಲಿ ಸರ್ವರ್) ಫೇಲ್. ಟ್ಯಾಗ್ ಅಂಕಿಯಿಂದ ಶುರುವಾಗಬಾರದು. ರ‍್ಯಾಂಡಮ್ ಯುಯುಐಡಿಯ ಮೊದಲ ಅಕ್ಷರ ಹದಿನಾರರಲ್ಲಿ ಹತ್ತು ಪಾಲು ಅಂಕಿಯೇ. ಒಮ್ಮೆ ಓಡಿ ಒಮ್ಮೆ ಬೀಳುವ ಬಿಲ್ಡ್‌ಗಿಂತ ಪ್ರತಿ ಸಲ ಬೀಳುವ ಬಿಲ್ಡ್ ವಾಸಿ.

ಮುಂದೆ ಒಂದು ಅಕ್ಷರ ಸೇರಿಸಿದರೆ ಅದು ಸರಿಹೋಗುತ್ತೆ, ಘರ್ಷಣೆಯ ಭಯವೂ ಇಲ್ಲ. 122 ಬಿಟ್ ರ‍್ಯಾಂಡಮ್ ಸಾಕಾಗಿ ಮಿಗುತ್ತೆ. ಆದರೆ ಅದೇ ಇನ್‌ಪುಟ್‌ಗೆ ಪ್ರತಿ ಬಿಲ್ಡ್‌ನಲ್ಲಿ ಬೇರೆ ಫೈಲ್ ಹುಟ್ಟಿದರೆ ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ನೋಡುವ ಸಂಖ್ಯೆ) ತಾಳೆ ಆಗಲ್ಲ, ಹಳೇದಕ್ಕೂ ಹೊಸದಕ್ಕೂ ವ್ಯತ್ಯಾಸ ತೋರಿಸುವ ಗಿಟ್ ಡಿಫ್ ತುಂಬಾ ಗಲೀಜು. ಮೈಗ್ರೇಶನ್ ಫೈಲ್‌ಗೆ ರ‍್ಯಾಂಡಮ್ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಪ್ರೋಗ್ರಾಂ ಪಿಜಿ-ಡಂಪ್ ಈ ಪಜಲ್ ಬಿಡಿಸುವ ರೀತಿ ನೋಡಿ. ಬರೀ $ನಿಂದ ಶುರು. ಪಠ್ಯದಲ್ಲಿ ಅದು ಇದೆಯಾ? ಇದ್ದರೆ ಒಂದು ಅಂಡರ್‌ಸ್ಕೋರ್ ಸೇರಿಸು. $_ ಇದೆಯಾ? ಇದ್ದರೆ ಒಂದು ಎಕ್ಸ್. ಹೀಗೇ ಬೆಳೆಸುತ್ತಾ ಹೋಗಿ, ಸಿಗದೇ ಹೋದಾಗ ನಿಲ್ಲಿಸಿ, ಆಮೇಲೆ ಮುಚ್ಚುವ $ ಹಾಕುತ್ತೆ. ಡಂಪ್‌ಗಳಲ್ಲಿ $_$ ಕಾಣುವುದು ಇದಕ್ಕೇ. ಆ ಫಂಕ್ಷನ್ ಒಳಗೆ ಎಲ್ಲೋ ಒಂದು $ ಇರುತ್ತೆ, $1 ಥರದ್ದು. ಲೂಪ್ ನಿಲ್ಲುವ ಗ್ಯಾರಂಟಿಯೂ ಇದೆ, ಪಠ್ಯಕ್ಕಿಂತ ಉದ್ದವಾದದ್ದು ಪಠ್ಯದೊಳಗೆ ಇರಲಾರದು.

ಹುಡುಕುವಾಗ ಮುಚ್ಚುವ $ ಬಿಟ್ಟು ಹುಡುಕುವುದು ಯಾಕೆ? ನಮ್ಮ ಟೂಲ್‌ನ ಎರಡನೇ ಫಿಕ್ಸ್ ಇದೇ ಉಪಾಯ, ಆದರೆ ಮುಚ್ಚುವ $ ಸೇರಿಸಿ ಹುಡುಕುತ್ತಿತ್ತು; ಎಡವಿದ್ದು ಇಲ್ಲೇ. ಪಠ್ಯ $_ ಅಂತ ಮುಗಿಯುತ್ತೆ ಅಂದುಕೊಳ್ಳಿ. ಒಳಗೆ $$ ಇದೆ, $_$ ಎಲ್ಲೂ ಇಲ್ಲ, ಹಾಗಾಗಿ ಅದನ್ನೇ ಡಿಲಿಮಿಟರ್ ಮಾಡಿದಿರಿ. ಅಂಟಿಸಿದಾಗ ಪಠ್ಯದ ಬಾಲದ $_ ಜೊತೆ ಡಿಲಿಮಿಟರ್‌ನ ಮೊದಲ $ ಸೇರಿ ಅಲ್ಲೇ ಒಂದು $_$ ಆಯಿತು. ಕೋಟ್ ಎರಡಕ್ಷರ ಮೊದಲೇ ಮುಚ್ಚಿತು. ಪಠ್ಯದಲ್ಲಿ ಇಲ್ಲ ಅನ್ನೋದು ನಿಜ, ಸಂದಿಯಲ್ಲಿ ಹುಟ್ಟಿತು. ಮುಚ್ಚುವ ಡಾಲರ್ ಬಿಟ್ಟು $_ ಹುಡುಕಿದ್ದರೆ ಸಿಗುತ್ತಿತ್ತು.

ಕೋಟ್ ಒಳಗೆ ಕೋಟ್ ಇದ್ದರೆ ಒಳಗಿನದನ್ನು ಮೊದಲು ಕಟ್ಟಿ, ಆಮೇಲೆ ಆ ಪೂರ್ತಿ ಫಲಿತಾಂಶದ ಮೇಲೆ ಹೊರಗಿನದನ್ನು ಆರಿಸಬೇಕು. ಉಲ್ಟಾ ಮಾಡಿದರೆ ಮತ್ತೆ ಮೊದಲಿನ ಕಥೆ.

ಈಮೇಲ್ ಕಳಿಸುವ ಟೀಮ್‌ನವರಿಗೆ ಇನ್ನೊಂದು ಗುಂಡಿ ಇದೆ. ಮಲ್ಟಿಪಾರ್ಟ್ ಬೌಂಡರಿ (ಒಂದೇ ಈಮೇಲ್‌ನ ಭಾಗಗಳನ್ನು ಬೇರ್ಪಡಿಸುವ ಗುರುತು) 70 ಅಕ್ಷರ ಮೀರಬಾರದು, ಹಾಗಾಗಿ ‘ಬೆಳೆಸುತ್ತಾ ಹೋಗು’ ಉಪಾಯಕ್ಕೆ ಇಲ್ಲಿ ಮಿತಿ ಇದೆ. ಅದಕ್ಕಿಂತ ಮುಖ್ಯ, ಸಾಲಿನ ಆರಂಭ ಮಾತ್ರ ಹೋಲಿಸಬೇಕು ಅನ್ನುತ್ತೆ ಈಮೇಲ್ ರಚನೆಯ ನಿಯಮ ಹೇಳುವ 1996ರ ಆರ್‌ಎಫ್‌ಸಿ 2046. ಹೊರಗಿನ ಬೌಂಡರಿ ‘ಕಖ’, ಒಳಗಿನದು ‘ಕಖಗ’ ಅಂತಿದ್ದರೆ ಎರಡೂ ಬೇರೆಯೇ, ಆದರೂ ಒಳಗಿನ ಸಾಲು ಬಂದಾಗ ಹೊರಗಿನ ಪಾರ್ಟ್ ಮುಗಿಯಿತು ಅಂದುಕೊಳ್ಳುತ್ತೆ ಪಾರ್ಸರ್. ಬೌಂಡರಿ ಸಾಲು ಎರಡು ಹೈಫನ್‌ನಿಂದ ಶುರುವಾಗುತ್ತೆ; ಬೇಸ್64 ಎನ್‌ಕೋಡಿಂಗ್‌ನ ಬಾಡಿಯಲ್ಲಿ ಹೈಫನ್ ಬರುವುದೇ ಇಲ್ಲ, ಅಲ್ಲಿ ನಿಶ್ಚಿಂತೆ. ಇನ್ನೊಂದು ಎನ್‌ಕೋಡಿಂಗ್ ಕೋಟೆಡ್-ಪ್ರಿಂಟಬಲ್ ಆದರೆ ಬೌಂಡರಿಯಲ್ಲಿ =_ ಸೇರಿಸಿ, ಆ ಜೋಡಿ ಅಲ್ಲಿ ಬರಲಾರದು.

ಆರ್‌ಸಿಎ (ಮೂಲ ಕಾರಣ ಬರೆಯುವ) ಫಾರ್ಮ್‌ನಲ್ಲಿ ಕೊನೆಗೆ ಬಿದ್ದದ್ದು ‘ಹ್ಯೂಮನ್ ಎರರ್’, ಯಾಕಂದರೆ ಡ್ರಾಪ್‌ಡೌನ್‌ನಲ್ಲಿ ಬೇರೆ ಹೊಂದುವ ಆಯ್ಕೆ ಇರಲಿಲ್ಲ. ಉಪಯೋಗ ಆದದ್ದು ಟೆಸ್ಟ್ ಕೇಸ್‌ಗಳು: ಖಾಲಿ ಫೈಲ್, $ನಲ್ಲಿ ಮುಗಿಯುವ ಫೈಲ್, ಒಳಗೆ $$ ಇದ್ದು $_ನಲ್ಲಿ ಮುಗಿಯುವ ಫೈಲ್, ಮತ್ತೆ ಟೂಲ್ ತಾನೇ ಹುಟ್ಟಿಸಿದ ಔಟ್‌ಪುಟ್ಟನ್ನು ಮತ್ತೆ ಅದಕ್ಕೇ ಇನ್‌ಪುಟ್ ಆಗಿ ಕೊಡುವುದು. ಎಲ್ಲಕ್ಕೂ $$ ಹಾಕುತ್ತಿದ್ದ ಹಳೇ ಕೋಡ್ ಮೊದಲನೆಯದನ್ನು ಬಿಟ್ಟರೆ ಇನ್ಯಾವುದನ್ನೂ ದಾಟಲಿಲ್ಲ.