ಪೈಲಟ್ ಕೆಲಸ ಹುಡುಕಲು ದುಡ್ಡು ಕಟ್ಟುವ ಜಾಬ್ ಸೈಟ್ ಬೇಕೆ?

"ಪೈಲಟ್ ಕೆಲಸಗಳ ಪಟ್ಟಿ ಕೊಡುವ ವೆಬ್‌ಸೈಟ್‌ಗೆ ಚಂದಾ ಕಟ್ಟಿದರೆ ಕೆಲಸ ಸಿಗುತ್ತದೆಯೇ?" ಈಗಷ್ಟೇ ಲೈಸೆನ್ಸ್ ಪಡೆದವರೂ ಇದನ್ನು ಕೇಳುತ್ತಾರೆ, ಸಾವಿರಾರು ಗಂಟೆ ಹಾರಿದವರೂ ಕೇಳುತ್ತಾರೆ. ಹೊಸಬರಿಗೆ ನನ್ನ ಉತ್ತರ: ಬೇಡ, ಆ ದುಡ್ಡಿನಲ್ಲಿ ಇನ್ನೊಂದಿಷ್ಟು ಹಾರಿ. ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಇದ್ದು, ಬೇರೆ ದೇಶದಲ್ಲಿ ಗುತ್ತಿಗೆ ಮೇಲೆ ಹಾರಲು ತಯಾರಿರುವವರಿಗೆ: ಒಂದು ತಿಂಗಳ ಮಟ್ಟಿಗೆ ಕಟ್ಟಿ ನೋಡಬಹುದು.

ಇಂಥ ಸೈಟ್‌ಗಳು ಮಾರುವುದು ಮಾಹಿತಿ. ದೊಡ್ಡ ಏರ್‌ಲೈನ್‌ಗಳ ಖಾಲಿ ಹುದ್ದೆಗಳು ಹೆಚ್ಚಾಗಿ ಅವರವರ ವೆಬ್‌ಸೈಟಿನಲ್ಲೇ ಪುಕ್ಕಟೆಯಾಗಿ ಸಿಗುತ್ತವೆ. ಚಂದಾದ ಸೈಟ್ ಅವನ್ನು ಒಂದೆಡೆ ಒಟ್ಟುಮಾಡುತ್ತದೆ, ಅಷ್ಟೇ. 'ಅರ್ಜಿ ಹಾಕಿ' ಎಂಬುದನ್ನು ಒತ್ತಿದರೆ ಬಹುಪಾಲು ತೆರೆದುಕೊಳ್ಳುವುದು ಏರ್‌ಲೈನಿನದೇ ಫಾರ್ಮ್. ದುಡ್ಡು ಕೊಟ್ಟು ಬಂದವರ ಅರ್ಜಿಯೂ ಕೊಡದೆ ಬಂದವರ ಅರ್ಜಿಯೂ ಒಂದೇ ರಾಶಿಗೆ ಸೇರುತ್ತವೆ.

ಆ ರಾಶಿಯಲ್ಲಿ ಏನಾಗುತ್ತದೆ ಎಂಬುದು ಗೊತ್ತಾಗಲು ಒಂದು ಮಾಮೂಲಿ ಜಾಹೀರಾತನ್ನು ಸಾಲು ಸಾಲಾಗಿ ಓದೋಣ. "ಎ320 ಫಸ್ಟ್ ಆಫೀಸರ್. ಒಟ್ಟು 1500 ಗಂಟೆ, ಅದರಲ್ಲಿ ಈ ಟೈಪ್ ಮೇಲೆ 500. ಕೊನೆಯ ಹಾರಾಟ 12 ತಿಂಗಳ ಒಳಗೆ. ಎಟಿಪಿಎಲ್, ಚಾಲ್ತಿಯಲ್ಲಿರುವ ಕ್ಲಾಸ್ 1 ಮೆಡಿಕಲ್, ಇಂಗ್ಲಿಷ್ ಲೆವೆಲ್ 4." ಇಲ್ಲಿ ಫಸ್ಟ್ ಆಫೀಸರ್ ಎಂದರೆ ಕೋ-ಪೈಲಟ್, ಟೈಪ್ ಎಂದರೆ ವಿಮಾನದ ಮಾದರಿ, ಎಟಿಪಿಎಲ್ ಎಂದರೆ ಏರ್‌ಲೈನ್ ಪೈಲಟ್ ಲೈಸೆನ್ಸ್, ಕ್ಲಾಸ್ 1 ಮೆಡಿಕಲ್ ಎಂದರೆ ಪೈಲಟ್‌ಗಳ ಆರೋಗ್ಯ ಪ್ರಮಾಣಪತ್ರ. 200 ಗಂಟೆಯವರು ಒಟ್ಟು ಗಂಟೆಯಲ್ಲೇ ಹೊರಗೆ. ಎಟಿಆರ್ 72 ಎಂಬ ಬೇರೆ ವಿಮಾನದ ಮೇಲೆ 3000 ಗಂಟೆ ಹಾರಿದವರಿಗೂ ಟೈಪ್ ಗಂಟೆ ಅಡ್ಡ ಬರುತ್ತದೆ. ಎರಡು ವರ್ಷ ಹಾರದೆ ಕುಳಿತವರು ಅದರ ಮುಂದಿನ ಸಾಲಿಗೆ ಸಿಕ್ಕಿಬೀಳುತ್ತಾರೆ. ಆನ್‌ಲೈನ್ ಫಾರ್ಮಿನ ಮೊದಲ ಪ್ರಶ್ನೆಗಳೇ ಇವು. ಅಂಕಿ ಕಡಿಮೆಯಿದ್ದರೆ ಎಷ್ಟೋ ಕಡೆ ಸಾಫ್ಟ್‌ವೇರೇ ಅರ್ಜಿಯನ್ನು ಬದಿಗಿಡುತ್ತದೆ, ಯಾರೂ ತೆರೆದು ನೋಡುವುದಿಲ್ಲ. ಯಾವ ಚಂದಾಕ್ಕೂ ಈ ಅಂಕಿಗಳನ್ನು ಬದಲಿಸಲು ಆಗದು.

1500 ಎಂಬುದು ಯಾರೋ ಸುಮ್ಮನೆ ಬರೆದ ಸಂಖ್ಯೆಯೂ ಅಲ್ಲ. ಅಮೆರಿಕದಲ್ಲಿ 2013ರಿಂದ ಏರ್‌ಲೈನ್ ಫಸ್ಟ್ ಆಫೀಸರ್‌ಗೂ ಎಟಿಪಿ (ಎಟಿಪಿಎಲ್‌ಗೆ ಅಲ್ಲಿನ ಹೆಸರು) ಕಡ್ಡಾಯ. ಅದಕ್ಕೆ 1500 ಗಂಟೆ ಬೇಕು. ಸೇನೆಯಿಂದ ಬಂದವರಿಗೆ 750, ಮಾನ್ಯ ವಿಮಾನಯಾನ ಪದವಿ ಇದ್ದವರಿಗೆ 1000 ಗಂಟೆಯಿದ್ದರೂ ಸಾಕಾಗಬಹುದು. ಯೂರೋಪಿನ ಎಟಿಪಿಎಲ್‌ಗೂ 1500, ಅದರಲ್ಲಿ 500 ಇಬ್ಬರು ಪೈಲಟ್‌ಗಳ ವಿಮಾನದಲ್ಲಿ ಆಗಿರಬೇಕು. ಆದರೆ ಅಲ್ಲಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಜೊತೆ ಟೈಪ್ ರೇಟಿಂಗ್ ಮತ್ತು ಬೇಕಾದ ಇತರ ರೇಟಿಂಗ್‌ಗಳು ಇದ್ದರೆ ಬಲಗಡೆ, ಅಂದರೆ ಕೋ-ಪೈಲಟ್ ಸೀಟಿನಲ್ಲಿ ಕೂರಬಹುದು, ಹಾಗಾಗಿ 200 ಗಂಟೆಯವರಿಗೂ ಬಾಗಿಲು ತೆರೆದಿದೆ. ಅವರನ್ನು ಹೆಚ್ಚಾಗಿ ತೆಗೆದುಕೊಳ್ಳುವುದು ಏರ್‌ಲೈನಿನದೇ ಕೆಡೆಟ್ (ತರಬೇತಿ) ಯೋಜನೆಗಳ ಮೂಲಕ.

ಇನ್ನು ಹೊಸಬರ ಮೊದಲ ಕೆಲಸಗಳು: ಇನ್‌ಸ್ಟ್ರಕ್ಟರ್, ಗ್ಲೈಡರ್ ಎಳೆಯುವುದು, ಸ್ಕೈಡೈವರ್‌ಗಳನ್ನು ಮೇಲೆ ಒಯ್ಯುವುದು, ವೈಮಾನಿಕ ಸಮೀಕ್ಷೆ. ಇವನ್ನು ನಡೆಸುವವರ ಬಳಿ ಇರುವುದು ಒಂದೆರಡು ವಿಮಾನ, ಎಷ್ಟೋ ಸಲ ಮಾಲೀಕರೇ ಮುಖ್ಯ ಪೈಲಟ್. ಸೀಟು ಖಾಲಿಯಾದರೆ ಅವರು ಜಾಹೀರಾತು ಕೊಡುವ ಗೋಜಿಗೆ ಹೋಗದೆ ಪರಿಚಯದ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡುತ್ತಾರೆ. ಹಾಗಾಗಿ ಒಂದು ಪುಟದ ರೆಸ್ಯೂಮೆ ಹಿಡಿದು ಹ್ಯಾಂಗರಿಗೇ ಹೋಗಿ. ಲೈಸೆನ್ಸ್ ಮತ್ತು ಗಂಟೆಗಳು ಪುಟದ ತಲೆಯಲ್ಲೇ ಇರಲಿ. ಅವರ ವಿಮಾ ಕಂಪನಿ ಪೈಲಟ್‌ಗೆ ಕನಿಷ್ಠ ಎಷ್ಟು ಗಂಟೆ ಕೇಳುತ್ತದೆ ಎಂದು ಮೊದಲೇ ವಿಚಾರಿಸಿ. ಮಾಲೀಕರಿಗೆ ನೀವು ಒಪ್ಪಿಗೆಯಾದರೂ ವಿಮಾ ಪಾಲಿಸಿಯ ಲೆಕ್ಕಕ್ಕೆ ಹೊಂದದಿದ್ದರೆ ಕೆಲಸವಿಲ್ಲ. ಎಷ್ಟು ಗಂಟೆ ಕಮ್ಮಿ ಬಿದ್ದಿದೆ ಎಂದು ತಿಳಿದರೆ ಮತ್ತೆ ಯಾವಾಗ ಬರಬೇಕು ಎಂಬುದೂ ತಿಳಿಯುತ್ತದೆ.

ಅನುಭವಿಗಳ ಲೆಕ್ಕ ಬೇರೆ. ಹೆಸರೇ ಕೇಳಿರದ ಕಾರ್ಗೋ, ಚಾರ್ಟರ್ ಕಂಪನಿಗಳ ಬೇಸ್ ಎಲ್ಲಿ, ಯಾವ ಟೈಪ್, ರೋಸ್ಟರ್ (ಡ್ಯೂಟಿ ಪಟ್ಟಿ) ಹೇಗೆ, ಸಂಬಳ ತಿಂಗಳಿಗೋ ಹಾರಿದ ಗಂಟೆಗೋ, ಬಾಂಡ್ (ಕೆಲಸ ಬಿಡದಿರುವ ಕರಾರು) ಎಷ್ಟು ವರ್ಷ ಎಂಬುದನ್ನು ಒಳ್ಳೆಯ ಸೈಟ್ ಒಂದೇ ಕಡೆ ಕೊಡುತ್ತದೆ. ಅದು ದುಡ್ಡಿಗೆ ತಕ್ಕ ಮಾಲು. ಆದರೆ ಒಂದೇ ಗುತ್ತಿಗೆಯನ್ನು ಮೂರು ಏಜೆನ್ಸಿಗಳು ಹಾಕಿದರೆ ಪಟ್ಟಿಯಲ್ಲಿ ಮೂರು ಕೆಲಸ ಕಾಣುತ್ತದೆ. ಬೇಸ್, ಟೈಪ್, ರೋಸ್ಟರ್ ಮೂರೂ ಹೊಂದಿದರೆ ಅದು ಒಂದೇ ಎಂದು ಅನುಮಾನಿಸಿ, ಒಬ್ಬರ ಮೂಲಕವಷ್ಟೇ ಕಳುಹಿಸಿ. ಒಂದೇ ಹೆಸರು ಮೂರು ಕಡೆಯಿಂದ ಬಂದರೆ ಕಮಿಷನ್ ಯಾರಿಗೆ ಎಂಬ ತಕರಾರು ಬೇಡವೆಂದು ಕಂಪನಿ ಆ ಹೆಸರನ್ನೇ ಬಿಟ್ಟುಬಿಡಬಹುದು.

ದುಡ್ಡು ಕಟ್ಟುವ ಮೊದಲು ಅರ್ಧ ಗಂಟೆ ಪರೀಕ್ಷೆ ಮಾಡಿ. ಪುಕ್ಕಟೆಯಾಗಿ ಕಾಣುವ ಹತ್ತು ಹುದ್ದೆ ಆರಿಸಿ ಆಯಾ ಕಂಪನಿಯ ಸೈಟಿನಲ್ಲಿ ಹುಡುಕಿ. ಎಂಟು ಅಲ್ಲೇ ಸಿಕ್ಕರೆ ಚಂದಾ ನೀರಿನಲ್ಲಿ ಹೋಮ. ತಾರೀಕು ಹಾಕದ ಜಾಹೀರಾತುಗಳೇ ಜಾಸ್ತಿಯಿದ್ದರೂ ಅಷ್ಟೆ. ಕಟ್ಟುವುದೇ ಆದರೆ ಒಂದು ತಿಂಗಳಿಗೆ ಕಟ್ಟಿ, ಆಟೋ ರಿನ್ಯೂವಲ್ ಅವತ್ತೇ ತೆಗೆಯಿರಿ. ನಿಮ್ಮ ಪ್ರೊಫೈಲ್ ಮೇಲಕ್ಕೆ ತರುತ್ತೇವೆ ಎಂದು ಕೇಳುವ ಹೆಚ್ಚುವರಿ ಹಣ ಕೊಡಬೇಡಿ. ನೇಮಕ ಮಾಡುವವರು ಟೈಪ್ ಮತ್ತು ಗಂಟೆ ಹಾಕಿ ಸೋಸುತ್ತಾರೆ.

ಪ್ರೊಫೈಲಿಗೆ ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್ ಸ್ಕ್ಯಾನ್ ಏರಿಸಬೇಡಿ, ನಿಮ್ಮ ಹೆಸರಿನಲ್ಲಿ ಮೋಸ ಮಾಡಲು ಅಷ್ಟು ಸಾಕು. ಸಂದರ್ಶನಕ್ಕೆ, ವೀಸಾಕ್ಕೆ, 'ಫೈಲ್ ಖರ್ಚಿಗೆ' ಎಂದು ಮೊದಲೇ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಬಂದ ಮೇಲ್‌ನ ವಿಳಾಸವನ್ನು ಏರ್‌ಲೈನಿನ ಅಸಲಿ ವೆಬ್ ವಿಳಾಸದ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಮಧ್ಯೆ ಒಂದು ಅಡ್ಡಗೆರೆ ಸೇರಿಸಿದ ನಕಲಿ ವಿಳಾಸ ಸುಲಭವಾಗಿ ಕಣ್ಣು ತಪ್ಪಿಸುತ್ತದೆ.

ಅರ್ಹತೆ ಇದ್ದವರೂ ಎಡವುವುದು ಪಿಐಸಿ (ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್) ಗಂಟೆಯಲ್ಲಿ. ಅಮೆರಿಕದ ನಿಯಮದಲ್ಲಿ ಆ ವಿಮಾನಕ್ಕೆ ರೇಟಿಂಗ್ ಇದ್ದವರು ತಾವೊಬ್ಬರೇ ಕಂಟ್ರೋಲ್ ಹಿಡಿದು ಹಾರಿಸಿದ ಹೊತ್ತನ್ನು ಪಿಐಸಿ ಎಂದು ಬರೆದುಕೊಳ್ಳಬಹುದು. ಬೇರೆ ಕಡೆಯ ಏರ್‌ಲೈನ್‌ಗಳು ಸಾಮಾನ್ಯವಾಗಿ ಕೇಳುವುದು ಕಮಾಂಡರ್ ಆಗಿ ಹಾರಿದ ಗಂಟೆ. ಲಾಗ್‌ಬುಕ್ಕಿನ ಮೊತ್ತವನ್ನು ಹಾಗೇ ಫಾರ್ಮಿಗೆ ಇಳಿಸಿದರೆ, ಸಂದರ್ಶನದಲ್ಲಿ ಪುಟ ತಿರುವಿದಾಗ ಲೆಕ್ಕ ತಾಳೆಯಾಗುವುದಿಲ್ಲ. ಎರಡು ಬಗೆಯ ಪಿಐಸಿ, ಕೋ-ಪೈಲಟ್, ಮಲ್ಟಿ ಎಂಜಿನ್, ಟರ್ಬೈನ್, ರಾತ್ರಿ, ಇನ್‌ಸ್ಟ್ರುಮೆಂಟ್, ಕಳೆದ 12 ತಿಂಗಳು, ಕಳೆದ 90 ದಿನ, ಇಷ್ಟಕ್ಕೂ ಬೇರೆ ಬೇರೆ ಕಾಲಂ ಇರುವ ಒಂದು ಪುಟ ಮಾಡಿಕೊಳ್ಳಿ. ತಿಂಗಳ ಕೊನೆಗೆ ಲಾಗ್‌ಬುಕ್ ಕೂಡಿಸುವಾಗ ಅದನ್ನೂ ತಿದ್ದಿಟ್ಟರೆ, ಅರ್ಜಿ ಕರೆದ ದಿನವೇ ಕಳುಹಿಸಬಹುದು.