ಮೊದಲ ರೈಲು, ಅರ್ಧ ದಾರಿಗೆ ಬಸ್ಸು

ಬ್ರಿಟನ್ನಿನ ಲೇಬರ್ ಸರ್ಕಾರ ಸಾರಿಗೆ, ಅಪರಾಧ ನಿಯಂತ್ರಣ ಮತ್ತು ಕಟ್ಟಡ ಅನುಮತಿ ನಿಯಮಗಳ ಸುಧಾರಣೆಯಲ್ಲಿ ಎಷ್ಟು ಮುಂದೆ ಬಂದಿದೆ ಎಂದು ಇಂದು ಓದುತ್ತಿದ್ದಾಗ, ಒಂದು ಸಣ್ಣ ವಿವರದ ಬಳಿ ಕಣ್ಣು ನಿಂತಿತು.

ರೈಲು ಸೇವೆಗಳ ರಾಷ್ಟ್ರೀಕರಣದ 2024ರ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಯಿಂದ ಸರ್ಕಾರದ ಒಡೆತನಕ್ಕೆ ಮೊದಲು ಮರಳಿದ ಸೌತ್ ವೆಸ್ಟರ್ನ್ ರೈಲ್ವೆಯು 2025ರ ಮೇ 25ರ ಭಾನುವಾರ ಹೊಸ ಪಯಣ ಆರಂಭಿಸಿದಾಗ, ಹಳಿಗಳ ಕಾಮಗಾರಿಯಿಂದಾಗಿ ಮೊದಲ ರೈಲಿನ ಪ್ರಯಾಣಿಕರು ದಾರಿಯ ಒಂದು ಭಾಗವನ್ನು ಬಸ್ಸಿನಲ್ಲೇ ಕ್ರಮಿಸಬೇಕಾಯಿತಂತೆ.

ನಗು ಬಂತು, ನಿಜ. ಆದರೆ ಒಡೆತನವನ್ನು ಒಂದು ರಾತ್ರಿಯಲ್ಲಿ ಬದಲಿಸಬಹುದಾದರೂ ಹಳಿಯನ್ನು ಹಾಗೆ ಬದಲಿಸಲಾಗದು; ಅಲ್ಲಿ ಹಳಿಗಳು ಈ ಬದಲಾವಣೆಗೂ ಮುಂಚಿನಿಂದಲೇ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಇದ್ದವು ಎಂಬುದನ್ನೂ ನೆನೆಯಬೇಕು.

ಇಂಗ್ಲೆಂಡಿನಲ್ಲಿ 15 ಲಕ್ಷ ಮನೆಗಳನ್ನು ಕಟ್ಟಿಸುವ ಸರ್ಕಾರದ ಗುರಿಯೂ ಹೀಗೆಯೇ: 2024ರ ಡಿಸೆಂಬರಿನಲ್ಲಿ ಸ್ಥಳೀಯ ಆಡಳಿತಗಳಿಗೆ ವಸತಿ ಗುರಿಯನ್ನು ಮತ್ತೆ ಕಡ್ಡಾಯಗೊಳಿಸಿದರೂ, ಮನೆ ಕಟ್ಟುವ ಅನುಮತಿ ಪತ್ರದಲ್ಲಿ ಯಾರೂ ವಾಸಿಸಲಾರರು.

ಬಡಾವಣೆಗಳ ಪೊಲೀಸ್ ಗಸ್ತಿಗೆ 13,000 ಮಂದಿಯನ್ನು ಹೆಚ್ಚುವರಿಯಾಗಿ ಕೊಡುತ್ತೇವೆ ಎಂಬ ಭರವಸೆಯ ಲೆಕ್ಕದಲ್ಲಿ ಸ್ವಯಂಸೇವಕ ಕಾನ್‌ಸ್ಟೇಬಲ್‌ಗಳೂ ಸೇರಿದ್ದಾರೆ. ಈ ಮೂರರಲ್ಲಿ ನನಗೆ ಹೆಚ್ಚು ಅನುಮಾನವಿರುವುದು ಇದರ ಮೇಲೆಯೇ.